ಒಣಗಿ ಕಲ್ಲಾದ ಆಟದ ಹಿಟ್ಟು: ದೋಷ ಪತ್ತೆ ಮತ್ತು ಹದಕ್ಕೆ ತರುವ ಕ್ರಮ

ಮಕ್ಕಳ ಕರಕುಶಲಕ್ಕೆ ಬಳಸುವ ಹಿಟ್ಟು ಗಟ್ಟಿಯಾಯಿತೆಂದರೆ ಹೆಚ್ಚಿನವರ ಕೈ ನೇರವಾಗಿ ನಲ್ಲಿಗೆ ಹೋಗುತ್ತದೆ. ಕೆಲಸ ಕೆಡುವುದು ಅಲ್ಲೇ. ಒಮ್ಮೆಲೇ ಸುರಿದ ನೀರು ಮೇಲ್ಮೈಯನ್ನು ಲೋಳೆ ಮಾಡುತ್ತದೆ, ಒಳಗಿನ ಗಟ್ಟಿ ಹಾಗೇ ಉಳಿಯುತ್ತದೆ. ಲೋಳೆ ಕಂಡು ಮೈದಾ ಉದುರಿಸುತ್ತಾರೆ, ಉಪ್ಪಿನ ಪಾಲು ಇಳಿಯುತ್ತದೆ, ಕೆಲವು ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಒಣಗಿದ ಹಿಟ್ಟನ್ನು ಉಳಿಸಬಹುದಿತ್ತು. ಈ ಮೂರು ಹೆಜ್ಜೆ ದಾಟಿದ ಹಿಟ್ಟನ್ನು ಉಳಿಸುವುದು ಕಷ್ಟ. ಹಾಗಾಗಿ ನೀರು ಮುಟ್ಟುವ ಮೊದಲು ಎರಡು ವಿಷಯ ತಿಳಿದುಕೊಳ್ಳಬೇಕು: ಕೈಯಲ್ಲಿರುವುದು ಯಾವ ಬಗೆಯ ಹಿಟ್ಟು, ಅದು ಎಷ್ಟು ಒಣಗಿದೆ. ಆಮೇಲಿನ ಕೆಲಸಕ್ಕೆ ನೀರು ಕಡಿಮೆ ಸಾಕು, ಕಾಯುವುದು ಹೆಚ್ಚು ಬೇಕು.

ಯಾವ ಬಗೆಯದು ಎಂದು ಗುರುತಿಸುವುದು

‘ಕ್ಲೇ’ ಎಂಬ ಒಂದೇ ಹೆಸರಿನಡಿ ಐದು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತವೆ. ಗೋಧಿ ಹಿಟ್ಟು, ಉಪ್ಪು, ನೀರು ಸೇರಿಸಿ ಮಾಡಿದ ಆಟದ ಹಿಟ್ಟು ಒಂದು. ಎಣ್ಣೆ, ಮೇಣ ಮತ್ತು ಸುಣ್ಣದ ಕಲ್ಲಿನ ಪುಡಿಯ ಪ್ಲಾಸ್ಟಿಸಿನ್ ಇನ್ನೊಂದು. ಓವನ್ನಿನಲ್ಲಿ ಬೇಯಿಸಿ ಗಟ್ಟಿ ಮಾಡುವ ಪಾಲಿಮರ್ ಕ್ಲೇ, ಗಾಳಿಗೆ ತಾನೇ ಒಣಗುವ ಹಗುರ ಫೋಮ್ ಕ್ಲೇ, ಕುಂಬಾರಿಕೆಯ ಜೇಡಿಮಣ್ಣು ಉಳಿದ ಮೂರು. ನೀರು ಹಾಕಿ ಸರಿಪಡಿಸಲು ಆಗುವುದು ಮೊದಲನೆಯದು ಮತ್ತು ಕೊನೆಯದನ್ನು ಮಾತ್ರ. ಅವೆರಡರ ವಿಧಾನವೂ ಒಂದಕ್ಕೊಂದು ತದ್ವಿರುದ್ಧ.

ಡಬ್ಬಿಯ ಮೇಲೆ ‘ಗೋಧಿ ಇದೆ’ ಎಂಬ ಎಚ್ಚರಿಕೆ ಕಂಡರೆ ಅದು ಆಟದ ಹಿಟ್ಟು, ಮುಂದೆ ಹುಡುಕುವ ಅಗತ್ಯವಿಲ್ಲ. ಡಬ್ಬಿ ಕಳೆದುಹೋಗಿದ್ದರೆ ಚೂರೊಂದನ್ನು ತೆಗೆದುಕೊಂಡು ಅದರ ಮೇಲೆ ಒಂದು ಹನಿ ನೀರು ಬಿಡಿ. 2 ನಿಮಿಷ ಬಿಟ್ಟು ಬೆರಳಿನಿಂದ ಉಜ್ಜಿ. ನೀರು ಹೀರಿಕೊಂಡು ಆ ಜಾಗ ಅಂಟಂಟಾಗಿ, ಬೆರಳಿಗೆ ಬಣ್ಣ ಹತ್ತಿದರೆ ಹಿಟ್ಟಿನದು. ಹನಿ ಮುತ್ತಿನಂತೆ ನಿಂತು ಜಾರಿಹೋದರೆ ಎಣ್ಣೆಯದು ಅಥವಾ ಪಾಲಿಮರ್. ಈ ಎರಡನ್ನು ಬೇರ್ಪಡಿಸಲು ಚೂರನ್ನು ಮುಷ್ಟಿಯಲ್ಲಿ 5 ನಿಮಿಷ ಬಿಗಿಯಾಗಿ ಹಿಡಿಯಿರಿ: ಪ್ಲಾಸ್ಟಿಸಿನ್ ಅಂಗೈ ಬಿಸಿಗೆ ಸಲೀಸಾಗಿ ಸಡಿಲುತ್ತದೆ, ಕೈಗೆ ಜಿಡ್ಡು ಹತ್ತುತ್ತದೆ, ಪಾಲಿಮರ್ ಕ್ಲೇ ನಿಧಾನವಾಗಿ ಸಡಿಲುತ್ತದೆ, ಜಿಡ್ಡು ಕಡಿಮೆ. ಉಂಡೆಯ ಗಾತ್ರಕ್ಕೆ ತೂಕವೇ ಇಲ್ಲವೆನಿಸಿ, ಒತ್ತಿದರೆ ಸ್ಪಂಜಿನ ಹಾಗೆ ಮತ್ತೆ ಉಬ್ಬಿದರೆ ಫೋಮ್ ಕ್ಲೇ. ನೀರಿನ ಬಟ್ಟಲಿಗೆ ಹಾಕಿದ ಒಣ ಚೂರು ಗುಳ್ಳೆ ಬಿಡುತ್ತಾ ಕೆಲವೇ ನಿಮಿಷದಲ್ಲಿ ಕುಸಿದು ಕೆಸರಾದರೆ ಜೇಡಿಮಣ್ಣು.

ಮೊದಲು ಹಿಟ್ಟಿನ ವಿಷಯ. ಉಳಿದ ನಾಲ್ಕು ಕೊನೆಯಲ್ಲಿ ಬರುತ್ತವೆ.

ಒಳಗೆ ಏನಾಗಿರುತ್ತದೆ

ಬೇಯಿಸಿ ಮಾಡುವ ಆಟದ ಹಿಟ್ಟಿಗೆ ಸಾಮಾನ್ಯ ಅಳತೆ ಹೀಗಿರುತ್ತದೆ: 1 ಕಪ್ ಮೈದಾ, ಅರ್ಧ ಕಪ್ ಪುಡಿ ಉಪ್ಪು, 1 ಕಪ್ ನೀರು, 1 ದೊಡ್ಡ ಚಮಚ ಎಣ್ಣೆ, 2 ಟೀ ಚಮಚ ಕ್ರೀಮ್ ಆಫ್ ಟಾರ್ಟರ್ (ಬೇಕಿಂಗ್‌ಗೆ ಬಳಸುವ ಹುಳಿ ಪುಡಿ). ಕಪ್ಪಿನ ಲೆಕ್ಕವನ್ನು ತೂಕಕ್ಕೆ ಇಳಿಸಿದರೆ ಹೊಸ ಹಿಟ್ಟಿನಲ್ಲಿ ಸುಮಾರು ಶೇ 40ರಿಂದ 45ರಷ್ಟು ನೀರೇ. ಬೇಯಿಸದೆ ಕಲಸಿದ ಹಿಟ್ಟಿನಲ್ಲಿ ಇದು ಇನ್ನೂ ಕಡಿಮೆ, ಶೇ 30ರ ಆಸುಪಾಸು.

ಗಟ್ಟಿಯಾಗಲು ಕಾರಣ ಎರಡು, ಎರಡಕ್ಕೂ ಮದ್ದು ಬೇರೆ.

ಒಂದನೆಯದು ಎಲ್ಲರಿಗೂ ಗೊತ್ತಿರುವುದು: ನೀರು ಆವಿಯಾಗುವುದು. ಇದರಲ್ಲಿ ಉಪ್ಪಿನ ಪಾತ್ರ ದೊಡ್ಡದು. ಮನೆಯಲ್ಲಿ ಮಾಡಿದ ಹಿಟ್ಟಿನಲ್ಲಿ ಉಪ್ಪು ಎಷ್ಟಿರುತ್ತದೆಂದರೆ ಅಲ್ಲಿರುವ ನೀರಿನಲ್ಲಿ ಅದು ಪೂರ್ತಿ ಕರಗುವುದೇ ಇಲ್ಲ, 100 ಮಿ.ಲೀ. ನೀರು ಸುಮಾರು 36 ಗ್ರಾಂ ಉಪ್ಪನ್ನಷ್ಟೇ ಕರಗಿಸಿಕೊಳ್ಳಬಲ್ಲದು. ಹೀಗೆ ಉಪ್ಪು ತುಂಬಿ ನಿಂತ ನೀರು ಗಾಳಿಯ ತೇವಾಂಶ ಶೇ 75ರ ಹತ್ತಿರ ಇದ್ದಾಗ ಸಮತೋಲದಲ್ಲಿರುತ್ತದೆ. ಗಾಳಿ ಅದಕ್ಕಿಂತ ಒಣಗಿದ್ದರೆ ಹಿಟ್ಟು ನೀರು ಬಿಟ್ಟುಕೊಡುತ್ತದೆ, ಅದಕ್ಕಿಂತ ತೇವವಾಗಿದ್ದರೆ ಗಾಳಿಯಿಂದ ನೀರು ಎಳೆದುಕೊಂಡು ಬೆವರುತ್ತದೆ. ಒಂದೇ ಹಿಟ್ಟು ಒಂದು ಕಾಲದಲ್ಲಿ ಕಲ್ಲಾಗಿ, ಇನ್ನೊಂದು ಕಾಲದಲ್ಲಿ ತಟ್ಟೆಗೆ ಅಂಟಿಕೊಳ್ಳುವುದಕ್ಕೆ ಇದೇ ಕಾರಣ. ತೇವದ ದಿನಗಳಲ್ಲಿ ಹದ ನೋಡಿ ನೀರು ಹಾಕಿದ ಅಳತೆಯನ್ನು ಒಣ ದಿನಗಳಿಗೂ ಹಿಡಿಯಬೇಡಿ.

ಎರಡನೆಯದು ಪಿಷ್ಟದ ವಯಸ್ಸು. ಬೆಂದ ಪಿಷ್ಟದ ಎಳೆಗಳು ತಣ್ಣಗಾಗುತ್ತಾ ಹೋದಂತೆ ಮತ್ತೆ ಒಂದಕ್ಕೊಂದು ಅಂಟಿ ಬಿಗಿಯಾದ ಹರಳಿನ ರೂಪ ತಾಳುತ್ತವೆ. ನೀರು ಒಂದು ಹನಿಯೂ ಹೋಗದಿದ್ದರೂ ಹಿಟ್ಟು ಗಡುಸಾಗುತ್ತದೆ. ಬ್ರೆಡ್ ಹಳಸಿ ಗಟ್ಟಿಯಾಗುವುದರಲ್ಲೂ ಇದೇ ನಡೆಯುತ್ತದೆ. ತೇವ ಆರದಂತೆ ಇಟ್ಟರೂ ಬ್ರೆಡ್ ಹಳಸುತ್ತದೆ, ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ ಎಂಬುದನ್ನು ಫ್ರಾನ್ಸಿನ ರಸಾಯನ ವಿಜ್ಞಾನಿ ಬೂಸಿಂಗೋ 1852ರಲ್ಲೇ ತೋರಿಸಿದ್ದ. ಕಾರ್ಖಾನೆಯ ಹಿಟ್ಟಿನಲ್ಲಿ ಈ ಹರಳುಗಟ್ಟುವಿಕೆಯನ್ನು ತಡೆಯುವ ಬೇರೆ ಬಗೆಯ ಪಿಷ್ಟ ಸೇರಿಸಿರುತ್ತಾರೆ. ಮನೆಯ ಹಿಟ್ಟಿನಲ್ಲಿ ಅದು ಇರುವುದಿಲ್ಲ. ಆದ್ದರಿಂದ ಮುಚ್ಚಳ ಬಿಗಿಯಾಗಿದ್ದೂ, ತೂಕ ಕಡಿಮೆಯಾಗದೆಯೂ ಮನೆಯಲ್ಲಿ ಬೇಯಿಸಿದ ಹಿಟ್ಟು ಗಡುಸಾದರೆ ನೀರು ಸೇರಿಸಬೇಡಿ. ಅದಕ್ಕೆ ಬೇಕಿರುವುದು ಬಿಸಿ.

ತೂಕದ ಲೆಕ್ಕ

ಅಡುಗೆಮನೆಯ ತಕ್ಕಡಿ ಇದ್ದರೆ ಊಹೆಯ ಕೆಲಸ ಮುಗಿಯಿತು. ಆವಿಯಾಗಿ ಹೋಗುವುದು ನೀರು ಮಾತ್ರ. ಉಪ್ಪು, ಹಿಟ್ಟು, ಬಣ್ಣ ಎಲ್ಲವೂ ಡಬ್ಬಿಯಲ್ಲೇ ಉಳಿದಿರುತ್ತವೆ. ಹಾಗಾಗಿ ಕಡಿಮೆಯಾದ ತೂಕವೇ ಕಳೆದುಹೋದ ನೀರು. 112 ಗ್ರಾಂ ಎಂದು ಮುದ್ರಿಸಿದ ಡಬ್ಬಿಯ ಹಿಟ್ಟು ಈಗ 94 ಗ್ರಾಂ ತೂಗಿದರೆ 18 ಗ್ರಾಂ, ಅಂದರೆ 18 ಮಿ.ಲೀ. ನೀರು ಹೋಗಿದೆ. ಅದಕ್ಕಿಂತ ಹೆಚ್ಚು ನೀರು ಯಾವ ಕಾರಣಕ್ಕೂ ಬೇಡ. ಮೊದಲ ಸುತ್ತಿನಲ್ಲಿ ಅದರ ಮುಕ್ಕಾಲು ಪಾಲು, 13 ಮಿ.ಲೀ. ಹಾಕಿ. ಉಳಿದದ್ದು ಬೇಕೋ ಬೇಡವೋ ಎಂಬುದನ್ನು ಮರುದಿನ ಕೈ ಹೇಳುತ್ತದೆ. ಪೂರ್ತಿ ಒಣಗಿ ಕಲ್ಲಾದ ಅದೇ ಹಿಟ್ಟು 70 ಗ್ರಾಂ ಹತ್ತಿರಕ್ಕೂ ಇಳಿಯಬಹುದು.

ಆಟದಲ್ಲಿ ತುಂಡು ಕಳೆದುಹೋಗಿದ್ದರೆ ಅಥವಾ ಎರಡು ಬಣ್ಣ ಬೆರೆತಿದ್ದರೆ ಈ ಲೆಕ್ಕ ನಿಲ್ಲುವುದಿಲ್ಲ. ಆಗ ಹೀಗೆ ಅಂದಾಜಿಸಿ. ಬೆರಳು ದಪ್ಪದ ಕಡ್ಡಿಯಾಗಿ ಹೊಸೆದು ಅರ್ಧವೃತ್ತಕ್ಕೆ ಬಗ್ಗಿಸಿ. ಬಗ್ಗಿದ ಜಾಗದಲ್ಲಿ ಕೂದಲೆಳೆಯ ಬಿರುಕಷ್ಟೇ ಬಂದರೆ 100 ಗ್ರಾಂಗೆ 2ರಿಂದ 3 ಮಿ.ಲೀ. ನೀರು ಸಾಕು. ಅರ್ಧ ಬಗ್ಗುವಷ್ಟರಲ್ಲಿ ಮುರಿದರೆ 5ರಿಂದ 10 ಮಿ.ಲೀ. ಹೊಸೆಯಲೂ ಬಾರದೆ ಪುಡಿಯಾದರೆ 20ರಿಂದ 25. ಉಗುರು ಊರದಷ್ಟು ಕಲ್ಲಾಗಿದ್ದರೆ ಒಟ್ಟು 40ರಿಂದ 50 ಮಿ.ಲೀ. ವರೆಗೂ ಕುಡಿಯುತ್ತದೆ. ಆದರೆ ಅಷ್ಟನ್ನೂ ಒಂದೇ ಸಲಕ್ಕೆ ಕೊಡಬಾರದು. 1 ಟೀ ಚಮಚ 5 ಮಿ.ಲೀ. ಎಂದು ಹಿಡಿಯಿರಿ. ಔಷಧದ ಜೊತೆ ಬರುವ, ಸೂಜಿಯಿಲ್ಲದ ಪ್ಲಾಸ್ಟಿಕ್ ಸಿರಿಂಜ್ ಇದ್ದರೆ ಇನ್ನೂ ಒಳ್ಳೆಯದು, ಮಿ.ಲೀ. ಗೆರೆಗಳು ಅದರ ಮೇಲೇ ಇರುತ್ತವೆ.

ಮೇಲ್ಪದರ ಮಾತ್ರ ಗಟ್ಟಿ

ಹಿಟ್ಟನ್ನು ಎರಡಾಗಿ ಮುರಿದು ಒಳಗೆ ನೋಡಿ. ಒಳಭಾಗ ಬಣ್ಣದಲ್ಲಿ ಗಾಢವಾಗಿ, ಒತ್ತಿದರೆ ಬೆರಳಚ್ಚು ಮೂಡುವಂತಿದ್ದರೆ ನೀರು ಸೇರಿಸುವ ಅಗತ್ಯ ಬಹುಶಃ ಇಲ್ಲ. ಅಂಗೈ ಒದ್ದೆ ಮಾಡಿ, ಕೊಡವಿ, 3ರಿಂದ 5 ನಿಮಿಷ ನಾದಿ. ಸಿಪ್ಪೆಯಾಗಿ ಏಳುವ ಗಟ್ಟಿ ಚಕ್ಕೆಗಳನ್ನು ಒಳಕ್ಕೆ ಮಡಚಬೇಡಿ, ತೆಗೆದು ಬೇರೆ ಇಡಿ. ಮೆತ್ತಗಿನ ಹಿಟ್ಟಿನೊಳಗೆ ಸೇರಿದ ಚಕ್ಕೆ ಕರಗುವುದಿಲ್ಲ, ಹರಳಾಗಿ ಉಳಿದು ಮಕ್ಕಳು ಅಚ್ಚೊತ್ತುವಾಗ ಕೈಗೆ ಸಿಗುತ್ತದೆ. ಚಕ್ಕೆಗಳಿಗೆ ಮುಂದೆ ಹೇಳುವ ಕಲ್ಲಿನ ಚಿಕಿತ್ಸೆ ಮಾಡಿ ಆಮೇಲೆ ಸೇರಿಸಿ.

ಪೂರ್ತಿ ಗಡುಸು, ಆದರೆ ಇನ್ನೂ ಬಗ್ಗುತ್ತದೆ

ಹಿಟ್ಟನ್ನು ಒಂದು ಸೆಂಟಿಮೀಟರ್ ದಪ್ಪಕ್ಕೆ ಒತ್ತಿ ಚಪ್ಪಟೆ ಮಾಡಿ. ಉಂಡೆಯಾಗಿ ಬಿಟ್ಟರೆ ನೀರು ನಡುವಿಗೆ ತಲುಪಲು ಹಲವು ಪಟ್ಟು ಹೊತ್ತು ಬೇಕು. ಹಲ್ಲುಕಡ್ಡಿಯಿಂದ ಒತ್ತೊತ್ತಾಗಿ ತೂತು ಮಾಡಿ, ತೂತು ಅಡಿವರೆಗೆ ಹೋಗಲಿ. ಅಂದಾಜು ಮಾಡಿದ ನೀರಿನ ಅರ್ಧವನ್ನು ಎಲ್ಲ ಕಡೆ ಹನಿಸಿ, ಝಿಪ್ ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು ಮುಚ್ಚಿ. ಒಂದು ಗಂಟೆ ಹಾಗೇ ಬಿಡಿ. ಆಮೇಲೆ ಚೀಲದೊಳಗೇ ಹಿಸುಕಿ; ಹೊರಗೆ ತೆಗೆದು ನಾದಿದರೆ ಕೈಗೂ ಮೇಜಿಗೂ ಅಂಟಿ ಹಿಟ್ಟೂ ನೀರೂ ಎರಡೂ ನಷ್ಟ. ಮೊದಲ ಎರಡು ಮೂರು ನಿಮಿಷ ಅದು ಜಾರುತ್ತದೆ, ಚೀಲದ ಒಳಮೈಗೆ ಬಣ್ಣದ ನೀರು ಮೆತ್ತಿಕೊಳ್ಳುತ್ತದೆ, ಕೆಲಸ ಕೆಟ್ಟಿತೆಂದು ಅನಿಸುತ್ತದೆ. ಹಿಸುಕುತ್ತಲೇ ಇರಿ. ಐದನೇ ನಿಮಿಷದ ಹೊತ್ತಿಗೆ ಆ ನೀರು ಒಳಸೇರಿ, ಹಿಟ್ಟು ಚೀಲದ ಗೋಡೆಯಿಂದ ತಾನಾಗಿ ಬಿಟ್ಟುಕೊಳ್ಳಲು ಶುರುವಾಗುತ್ತದೆ. ಬಿಟ್ಟುಕೊಂಡರೆ ನೀರು ಕೂಡಿದೆ ಎಂದರ್ಥ. ಆಗಲೂ ಗಡುಸಿದ್ದರೆ ಮಾತ್ರ ಉಳಿದರ್ಧ.

ಅವಸರ ಇಲ್ಲದಿದ್ದರೆ ಇದಕ್ಕಿಂತ ಸಲೀಸಾದ ದಾರಿ ಇದೆ: ಟಿಶ್ಯೂ ಕಾಗದ ಅಥವಾ ತೆಳು ಹತ್ತಿ ಬಟ್ಟೆಯನ್ನು ಒದ್ದೆ ಮಾಡಿ, ಹನಿ ತೊಟ್ಟಿಕ್ಕದಂತೆ ಹಿಂಡಿ, ಹಿಟ್ಟಿನ ಸುತ್ತ ಹೊದಿಸಿ ಬಿಗಿ ಡಬ್ಬಿಯಲ್ಲಿ ರಾತ್ರಿಯಿಡೀ ಇಡುವುದು. ಉಪ್ಪು ತನಗೆ ಬೇಕಾದ ನೀರನ್ನು ತಾನೇ ಎಳೆದುಕೊಳ್ಳುತ್ತದೆ. ಬೆಳಿಗ್ಗೆ ಬಟ್ಟೆ ತೆಗೆದುಬಿಡಿ. ದಿನಗಟ್ಟಲೆ ಸುತ್ತಿಟ್ಟರೆ ಮೇಲ್ಪದರದ ಉಪ್ಪು ಬಟ್ಟೆಗೆ ಇಳಿದು, ಉಪ್ಪು ಕಡಿಮೆಯಾದ ಆ ಪದರದಲ್ಲೇ ಬೂಷ್ಟು ಮೊದಲು ಕಾಣಿಸಿಕೊಳ್ಳುತ್ತದೆ. ಮನೆಯ ಹಿಟ್ಟಿಗೆ ಕುದಿಸಿ ಆರಿಸಿದ ನೀರು ಬಳಸಿ. ಬೇರೆ ಬೇರೆ ಬಣ್ಣಗಳನ್ನು ಒಂದೇ ಚೀಲದಲ್ಲಿ ನೆನೆಸಬೇಡಿ, ಒದ್ದೆಯಾದಾಗ ಬಣ್ಣ ಬಿಡುವುದು ಖಂಡಿತ.

ಕಲ್ಲಾದ ಹಿಟ್ಟು

ಇಡೀ ಉಂಡೆಯನ್ನು ನೀರಿನಲ್ಲಿ ಮುಳುಗಿಸುವುದು ಬೇಡ. ಹೊರಮೈ ಕರಗಿ ಹೋಗುತ್ತದೆ, ಉಪ್ಪು ನೀರಿಗೆ ಸೇರುತ್ತದೆ, ನಡುವೆ ಗೋಲಿಯಷ್ಟು ಕಲ್ಲು ಉಳಿಯುತ್ತದೆ. ಮೊದಲು ಒಡೆಯಬೇಕು. ದಪ್ಪ ಬಟ್ಟೆಯ ಚೀಲದಲ್ಲಿ ಕಟ್ಟಿ ಲಟ್ಟಣಿಗೆಯಿಂದ ಕುಟ್ಟಿ, ಬಟಾಣಿ ಕಾಳಿಗಿಂತ ದೊಡ್ಡ ಚೂರು ಉಳಿಯದಂತೆ ಮಾಡಿ. ಈ ಕೆಲಸ ದೊಡ್ಡವರದು, ಚಕ್ಕೆ ಕಣ್ಣಿಗೆ ಸಿಡಿಯುತ್ತದೆ. ಪುಡಿಯನ್ನು ತೂಗಿ. 100 ಗ್ರಾಂ ಪುಡಿಗೆ ಮೊದಲು 25 ಮಿ.ಲೀ. ಉಗುರುಬೆಚ್ಚಗಿನ ನೀರು ಹಾಕಿ, ಝಿಪ್ ಚೀಲದಲ್ಲಿ ಅಲುಗಿಸಿ ಎಲ್ಲ ಚೂರೂ ಒದ್ದೆಯಾಗುವಂತೆ ಮಾಡಿ, 12 ಗಂಟೆ ಬಿಡಿ. ಹಿಸುಕಿ ನೋಡಿ, 10 ಮಿ.ಲೀ. ಸೇರಿಸಿ, ಮತ್ತೆ 12 ಗಂಟೆ. ಆಮೇಲೆ 5 ಮಿ.ಲೀ. ನಂತೆ ಏರಿಸುತ್ತಾ ಹೋಗಿ. ಎರಡು ದಿನ ಹಿಡಿಯುವ ಕೆಲಸ ಇದು. ಚಿಕ್ಕ ಡಬ್ಬಿಯೊಂದಕ್ಕೆ ಇಷ್ಟು ಪಾಡು ಬೇಡ ಅನಿಸಿದರೆ ಹೊಸದು ಕಲಸಿಕೊಳ್ಳುವುದೇ ಜಾಣತನ. ಅರ್ಧ ಕಿಲೋ ಮೇಲಿದ್ದರೆ, ಅಥವಾ ಮಗುವಿಗೆ ಆ ಬಣ್ಣವೇ ಬೇಕಿದ್ದರೆ, ಉಳಿಸಬಹುದು.

ಬಿಸಿ ಯಾವಾಗ, ಎಷ್ಟು

ಬೇಯಿಸಿ ಮಾಡಿದ ಹಿಟ್ಟಿಗೆ ನೀರು ಕೂಡಿದ ಮೇಲೆಯೂ ರಬ್ಬರಿನಂಥ ಬಿಗಿತ ಉಳಿದರೆ, ಪಿಷ್ಟದ ಹರಳು ಸಡಿಲಬೇಕು. ಝಿಪ್ ಚೀಲದಲ್ಲಿ ಮುಚ್ಚಿ, ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನ ಪಾತ್ರೆಯಲ್ಲಿ 15ರಿಂದ 20 ನಿಮಿಷ ಮುಳುಗಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ಕುದಿವ ನೀರಿಗೆ ಅಷ್ಟೇ ಪ್ರಮಾಣದ ತಣ್ಣೀರು ಬೆರೆಸಿದರೆ ಹೆಚ್ಚುಕಡಿಮೆ ಆ ಬಿಸಿ ಬರುತ್ತದೆ. ಇದು ಕೈ ಸುಡುವ ಬಿಸಿ, ಮಕ್ಕಳನ್ನು ದೂರ ಇಡಿ. ತೆಗೆದು, ಕೈ ತಾಳುವಷ್ಟು ಆರಿದ ಕೂಡಲೇ ನಾದಿ. ಪೂರ್ತಿ ತಣ್ಣಗಾದ ಮೇಲೆ ನಾದಿದರೆ ಅರ್ಧ ಫಲ.

ಬೇಯಿಸದೆ ಕಲಸಿದ ಹಿಟ್ಟಿಗೆ ಈ ಚಿಕಿತ್ಸೆ ಕೊಡಬೇಡಿ. ಅದರ ಪಿಷ್ಟ ಹಸಿಯಾಗಿಯೇ ಇರುತ್ತದೆ, ಬಿಸಿ ತಾಗಿದ ಕಡೆ ಬೆಂದು ಗಂಟು ಕಟ್ಟಬಹುದು, ಕಟ್ಟಿದ ಗಂಟು ಮತ್ತೆ ಬಿಡುವುದಿಲ್ಲ. ಮೈಕ್ರೋವೇವ್ ಯಾವ ಹಿಟ್ಟಿಗೂ ಒಳ್ಳೆಯದಲ್ಲ. ಉಪ್ಪುನೀರು ತುಂಬಿದ ಉಂಡೆ ಸಮನಾಗಿ ಬಿಸಿಯಾಗುವುದಿಲ್ಲ. ಒಂದು ಕಡೆ ಬೆಚ್ಚಗಿದ್ದಾಗಲೇ ಇನ್ನೊಂದು ಕಡೆ ಚರ್ಮ ಸುಡುವಷ್ಟು ಕಾದಿರುತ್ತದೆ. ಮೃದು ಮಾಡಲು ಹೊರಟವರು ಅದೇ ಹೊತ್ತಿಗೆ ನೀರನ್ನೂ ಆವಿ ಮಾಡುತ್ತಿರುತ್ತಾರೆ.

ಎಣ್ಣೆ ಮತ್ತು ಗ್ಲಿಸರಿನ್

ಎಣ್ಣೆ ಕೊನೆಯಲ್ಲಿ. ಮೊದಲೇ ಹಾಕಿದರೆ ಒಣ ಕಣಗಳ ಸುತ್ತ ಜಿಡ್ಡಿನ ಪೊರೆ ಕಟ್ಟಿ, ಆಮೇಲೆ ಬಂದ ನೀರು ಒಳಗೆ ಇಳಿಯುವುದಿಲ್ಲ. ಹಿಟ್ಟು ಕೈಗೆ ಜಾರುತ್ತದೆ, ಒಳಗೆ ಪುಡಿಯಾಗಿಯೇ ಇರುತ್ತದೆ. ನೀರು ಪೂರ್ತಿ ಕೂಡಿದ ಮೇಲೆ, ಹೊಸೆದ ಕಡ್ಡಿಯ ಅಂಚು ಹರಿದಂತೆ ಒಡೆಯುತ್ತಿದ್ದರೆ 100 ಗ್ರಾಂಗೆ ಕಾಲು ಟೀ ಚಮಚ ಅಡುಗೆ ಎಣ್ಣೆ ಹಾಕಿ ನಾದಿ, ಬೇಕಾದರೆ ಇನ್ನೊಂದು ಕಾಲು. ಗ್ಲಿಸರಿನ್ ಇನ್ನೂ ಮೇಲು, ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. 100 ಗ್ರಾಂಗೆ ಅರ್ಧ ಟೀ ಚಮಚ ಮೀರಬೇಡಿ, ಮೀರಿದರೆ ತೇವದ ದಿನಗಳಲ್ಲಿ ಹಿಟ್ಟು ಜಿನುಗುತ್ತದೆ. ಕೈಗೆ ಹಚ್ಚುವ ಲೋಷನ್, ತಲೆಗೂದಲ ಕಂಡೀಷನರ್ ಹಾಕುವ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ಮೆತ್ತಗಾಗುವುದು ನಿಜ. ಆದರೆ ಹಿಟ್ಟು ಬಾಯಿಗೆ ಹೋಗುವ ವಸ್ತು, ಅದರಲ್ಲಿ ಸುಗಂಧ ಮತ್ತು ಬೇರೆ ರಾಸಾಯನಿಕ ಬೆರೆಸುವುದು ಅನಗತ್ಯ. ಮನೆಯಲ್ಲಿ ಬೋರಾಕ್ಸ್ (ಬಿಳಿಗಾರ) ಹಾಕುವುದಂತೂ ಬೇಡವೇ ಬೇಡ.

ಸರಿಪಡಿಸಿದ ಮೇಲೆ ಬರುವ ತೊಂದರೆಗಳು

ಅಂಟುತ್ತಿದೆ: ತಕ್ಷಣ ಮೈದಾ ಹಾಕಬೇಡಿ. ಹಿಟ್ಟನ್ನು ಚಪ್ಪಟೆ ಮಾಡಿ 10ರಿಂದ 15 ನಿಮಿಷ ಗಾಳಿಗೆ ಬಿಡಿ, ನಾದಿ, ಮತ್ತೆ ಬಿಡಿ. ಹೆಚ್ಚಿದ ನೀರು ಬಂದ ದಾರಿಯಲ್ಲೇ ಹೋಗುತ್ತದೆ. ಎರಡು ಮೂರು ಸುತ್ತು ಕಳೆದರೂ ಬಿಡದಿದ್ದರೆ ಎರಡು ಪಾಲು ಮೈದಾಗೆ ಒಂದು ಪಾಲು ನುಣ್ಣನೆ ಉಪ್ಪು ಬೆರೆಸಿಟ್ಟುಕೊಂಡು, ಅದರಲ್ಲಿ ಒಂದೊಂದೇ ಟೀ ಚಮಚ ಸೇರಿಸಿ. ಬರೀ ಮೈದಾ ಸೇರಿದಷ್ಟೂ ಹಿಟ್ಟು ಬೇಗ ಕೆಡುತ್ತದೆ.

ಮರಳು ಮರಳಾಗಿದೆ: ನೀರು ಆರುವಾಗ ಕರಗಿದ್ದ ಉಪ್ಪು ಹರಳಾಗಿ ಕೂತಿದೆ. ನಾದಿ ಪ್ರಯೋಜನವಿಲ್ಲ, ಹೊತ್ತು ಬೇಕು. 100 ಗ್ರಾಂಗೆ 2 ಮಿ.ಲೀ. ನೀರು ಕೊಟ್ಟು ಇನ್ನೊಂದು ರಾತ್ರಿ ಮುಚ್ಚಿಡಿ. ಹೊಸ ಹಿಟ್ಟೇ ಮರಳಾಗಿದ್ದರೆ ಬಹುಶಃ ಕಲ್ಲುಪ್ಪು ಬಳಸಿರಬೇಕು.

ಒದ್ದೆಯೂ ಇದೆ, ಪುಡಿಯೂ ಆಗುತ್ತಿದೆ: ಹೊರಗೆ ನೀರು ಹೆಚ್ಚು, ಒಳಗಿನ ಚೂರು ಇನ್ನೂ ಒಣ. ಹೆಚ್ಚಿನವರು ಇಲ್ಲಿ ಮತ್ತೆ ನೀರು ಹಾಕಿ ಕೆಡಿಸುತ್ತಾರೆ. ಏನೂ ಹಾಕದೆ ಚೀಲ ಮುಚ್ಚಿ 12 ಗಂಟೆ ಬಿಡಿ.

ಮೇಜಿನ ಕೊಳೆಯೆಲ್ಲ ಹತ್ತಿಕೊಂಡಿದೆ: ಇದು ಈ ಹಿಟ್ಟಿನ ಹುಟ್ಟುಗುಣ. 1956ರಲ್ಲಿ ಆಟಿಕೆಯಾಗಿ ಮಾರುಕಟ್ಟೆಗೆ ಬಂದ ಪ್ಲೇ-ಡೋ ಅದಕ್ಕೂ ಮೊದಲು ಅಮೆರಿಕದಲ್ಲಿ ಗೋಡೆಗೆ ಅಂಟಿಸುವ ಕಾಗದದ ಮೇಲಿನ ಮಸಿ ಒರೆಸಿ ತೆಗೆಯುವ ಹಿಟ್ಟಾಗಿ ಮಾರಾಟವಾಗುತ್ತಿತ್ತು. ಒದ್ದೆ ಹಿಟ್ಟು ಇನ್ನೂ ಹೆಚ್ಚು ಎತ್ತಿಕೊಳ್ಳುತ್ತದೆ. ಒರೆಸಿದ ಪ್ಲಾಸ್ಟಿಕ್ ಹಲಗೆಯ ಮೇಲೆ ನಾದಿ, ಬಟ್ಟೆಯ ಮೇಲೆ ಬೇಡ.

ಬಿಳಿ ಕಲೆ: ಉಪ್ಪೋ ಬೂಷ್ಟೋ?

ಒಣಗಿದ ಹಿಟ್ಟಿನ ಮೇಲೆ ಬಿಳಿ ಕಂಡರೆ ಎಸೆಯುವವರೂ ಇದ್ದಾರೆ, ಒರೆಸಿ ಬಳಸುವವರೂ ಇದ್ದಾರೆ. ಎರಡೂ ಕಡೆ ತಪ್ಪಾಗಬಹುದು. ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಉಪ್ಪಾದರೆ ಸಣ್ಣಗೆ ಮಿನುಗುತ್ತದೆ, ಉಗುರಿನಿಂದ ಕೆರೆದರೆ ಗರಗರ ಎನ್ನುತ್ತದೆ, ಹೆಚ್ಚಾಗಿ ಅಂಚುಗಳಲ್ಲಿ ಮತ್ತು ಬಿರುಕಿನ ಉದ್ದಕ್ಕೂ ಕೂತಿರುತ್ತದೆ. ಒಂದು ಹನಿ ನೀರು ಬಿಟ್ಟರೆ ಒಂದೆರಡು ನಿಮಿಷದಲ್ಲಿ ಕರಗಿ ಮಾಯ. ಬೂಷ್ಟು ಮಿನುಗುವುದಿಲ್ಲ, ದುಂಡು ಚುಕ್ಕೆಯಾಗಿ, ನವಿರಾದ ರೋಮದಂತೆ ಎದ್ದಿರುತ್ತದೆ, ನೀರು ಬಿಟ್ಟರೆ ಅಂಟಿ ಮಲಗುತ್ತದೆಯೇ ಹೊರತು ಕರಗುವುದಿಲ್ಲ. ಹಸಿರು, ಕಪ್ಪು, ಗುಲಾಬಿ ಛಾಯೆ ಕಂಡರೆ ಅಥವಾ ಹುಳಿ, ಮುಗ್ಗಲು ವಾಸನೆ ಇದ್ದರೆ ಇಡೀ ಹಿಟ್ಟನ್ನು ಎಸೆಯಿರಿ. ಕಂಡಷ್ಟನ್ನು ಕೆತ್ತಿ ತೆಗೆದರೆ ಬೇರು ಒಳಗೇ ಉಳಿಯುತ್ತದೆ. ಬೂಷ್ಟು ಪರೀಕ್ಷಿಸಲು ಮೂಗಿಗೆ ತೀರ ಹತ್ತಿರ ಹಿಡಿದು ಎಳೆದುಕೊಳ್ಳಬೇಡಿ.

ಎಸೆಯುವಾಗಲೂ ಒಂದು ಎಚ್ಚರಿಕೆ. ಉಪ್ಪು ಹೆಚ್ಚಿರುವ ಮನೆಯ ಹಿಟ್ಟನ್ನು ನಾಯಿ ತಿಂದರೆ ರಕ್ತದಲ್ಲಿ ಸೋಡಿಯಂ ಏರಿ ಪ್ರಾಣಕ್ಕೇ ಅಪಾಯ. ನಾಯಿಗೆ ಸಿಗುವ ಕಡೆ ಹಾಕಬೇಡಿ. ಚಿಕ್ಕ ಮಕ್ಕಳು ಚೂರು ನೆಕ್ಕಿದರೆ ಸಾಮಾನ್ಯವಾಗಿ ಉಗಿದು ಬಿಡುತ್ತಾರೆ, ಆದರೆ ದೊಡ್ಡ ತುಂಡು ನುಂಗಿದರೆ ವೈದ್ಯರಿಗೆ ತಿಳಿಸಬೇಕು. ಗೋಧಿ ಒಗ್ಗದ ಮಕ್ಕಳಿಗೆ ಈ ಹಿಟ್ಟು ಮೆತ್ತಗಿರಲಿ ಗಟ್ಟಿಯಿರಲಿ ಬೇಡ.

ಉಳಿದ ನಾಲ್ಕು ಬಗೆಗಳು

ಪ್ಲಾಸ್ಟಿಸಿನ್ ಒಣಗುವುದಿಲ್ಲ. ಇಂಗ್ಲೆಂಡಿನ ಚಿತ್ರಕಲಾ ಶಿಕ್ಷಕ ವಿಲಿಯಂ ಹಾರ್ಬಟ್ 1897ರಲ್ಲಿ ಅದನ್ನು ರೂಪಿಸಿದ್ದೇ ವಿದ್ಯಾರ್ಥಿಗಳ ಕೈಯಲ್ಲಿ ಒಣಗದ ಜೇಡಿ ಬೇಕು ಎಂದು. ಅದು ಗಟ್ಟಿಯಾದರೆ ಹವೆ ತಣ್ಣಗಿದೆ, ಇಲ್ಲವೇ ಎಣ್ಣೆ ರಟ್ಟಿನ ಪೆಟ್ಟಿಗೆಗೆ ಇಳಿದಿದೆ. ಪೆಟ್ಟಿಗೆಯಲ್ಲಿ ಜಿಡ್ಡಿನ ಕಲೆ ಕಂಡರೆ ಎರಡನೆಯದು. ಚೀಲದಲ್ಲಿ ಮುಚ್ಚಿ 40ರಿಂದ 45 ಡಿಗ್ರಿ ನೀರಿನಲ್ಲಿ 10 ನಿಮಿಷ ಇಟ್ಟು ನಾದಿ. ಆಗಲೂ ಪುಡಿಯಾದರೆ 100 ಗ್ರಾಂಗೆ ಬಟಾಣಿ ಗಾತ್ರದ ಪೆಟ್ರೋಲಿಯಂ ಜೆಲ್ಲಿ ಸೇರಿಸಿ.

ಪಾಲಿಮರ್ ಕ್ಲೇ ಎಂದರೆ ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಪುಡಿ ಮತ್ತು ಅದನ್ನು ಮೆದುವಾಗಿಸುವ ದ್ರವ. ಬಿಸಿಲು ಬೀಳುವ ಕಿಟಕಿಯ ಬಳಿಯೋ, ಬಿಸಿ ಕಾರಿನಲ್ಲೋ ಇಟ್ಟಿದ್ದರೆ ಅದು ಅರ್ಧ ಬೆಂದಿರುತ್ತದೆ, ಅದಕ್ಕೆ ಮದ್ದಿಲ್ಲ. ಕಾಗದದ ಮೇಲೆ ಇಟ್ಟು ದ್ರವ ಇಳಿದುಹೋಗಿದ್ದರೆ ಸಣ್ಣಗೆ ಹೆಚ್ಚಿ, 50 ಗ್ರಾಂಗೆ ಒಂದೆರಡು ಹನಿ ಮಿನರಲ್ ಆಯಿಲ್ ಅಥವಾ ಅದಕ್ಕೆಂದೇ ಸಿಗುವ ಸಾಫ್ಟ್‌ನರ್ ಬೆರೆಸಿ, ಒಂದು ರಾತ್ರಿ ಬಿಟ್ಟು ನಾದಿ. ಗಡುಸು ಪಾರದರ್ಶಕ ಪಾಲಿಸ್ಟೈರಿನ್ ಡಬ್ಬಿಯಲ್ಲಿ ಇಡಬೇಡಿ, ಆ ದ್ರವ ಡಬ್ಬಿಯನ್ನೇ ಕರಗಿಸುತ್ತದೆ. ತಳದ ತ್ರಿಕೋನ ಗುರುತಿನಲ್ಲಿ 5 ಅಥವಾ 2 ಎಂಬ ಅಂಕಿ ಇರುವ ಡಬ್ಬಿ ಆಗಬಹುದು.

ಫೋಮ್ ಕ್ಲೇ ಇನ್ನೂ ಹಿಗ್ಗುತ್ತಿದ್ದರೆ ಒದ್ದೆ ಬಟ್ಟೆ ಸುತ್ತಿ ಒಂದು ದಿನ ಇಟ್ಟು ನೋಡಬಹುದು. ಪೂರ್ತಿ ಒಣಗಿದ್ದರೆ ಬಿಟ್ಟುಬಿಡಿ, ಅದು ಒಣಗಿ ಹಾಗೇ ಉಳಿಯಲೆಂದೇ ಮಾಡಿದ್ದು.

ಜೇಡಿಮಣ್ಣಿನದು ವಿಚಿತ್ರ: ಅರ್ಧ ಒಣಗಿದ್ದನ್ನು ನೆನೆಸಿದರೆ ವಾರವಾದರೂ ಗಂಟು ಬಿಡುವುದಿಲ್ಲ, ಪೂರ್ತಿ ಒಣಗಿದ್ದು ಬೇಗ ಕುಸಿಯುತ್ತದೆ. ಒಣ ಮಣ್ಣಿನ ಸಂದುಗಳು ನೀರನ್ನು ರಭಸದಿಂದ ಎಳೆದುಕೊಂಡು ಒಳಗಿನ ಗಾಳಿಯನ್ನು ಹೊರದಬ್ಬುವುದರಿಂದ ಚೂರು ತಾನೇ ಒಡೆಯುತ್ತದೆ. ಆದ್ದರಿಂದ ಮೊದಲು ಸಂಪೂರ್ಣ ಒಣಗಿಸಿ, ಒಡೆದು, ಮುಳುಗುವಷ್ಟು ನೀರಿನಲ್ಲಿ ಒಂದು ದಿನ ಕಲಕದೆ ಬಿಡಿ. ಮೇಲಿನ ನೀರು ಬಸಿದು, ಕೆಸರನ್ನು ದಪ್ಪ ಬಟ್ಟೆಯ ಮೇಲೆ ಹರಡಿ, ಕೈಗೆ ಅಂಟದ ಹದಕ್ಕೆ ಬಂದಾಗ ನಾದಿ. ಕುಟ್ಟುವಾಗ ಏಳುವ ಧೂಳು ಉಸಿರಿಗೆ ಹೋಗಬಾರದು, ಸ್ವಲ್ಪ ನೀರು ಚಿಮುಕಿಸಿ ಒಡೆಯಿರಿ.

ಸರಿಯಾದ ಹಿಟ್ಟು ಮತ್ತೆ ಮತ್ತೆ ಒಣಗುತ್ತಿದ್ದರೆ

ಆಗ ಹಿಟ್ಟಿನ ದೋಷ ಹುಡುಕುವುದನ್ನು ಬಿಟ್ಟು ಡಬ್ಬಿ ನೋಡಿ. ಮುಚ್ಚಳದ ಒಳ ಅಂಚಿನ ತೋಡಿನಲ್ಲಿ ಒಣಗಿದ ಹಿಟ್ಟಿನ ಉಂಗುರ ಕಟ್ಟಿರುತ್ತದೆ. ಮುಚ್ಚಿದಾಗ ಸದ್ದು ಬರುತ್ತದೆ, ಬಿಗಿ ಬರುವುದಿಲ್ಲ. ಮುಚ್ಚಿದ ಡಬ್ಬಿಯನ್ನು ಕೆನ್ನೆಯ ಹತ್ತಿರ ಹಿಡಿದು ಹಿಸುಕಿ. ಗಾಳಿ ತಾಗಿದರೆ ಸೋರುತ್ತಿದೆ. ಅಂಚನ್ನು ಬಿಸಿನೀರಿನಲ್ಲಿ ಅದ್ದಿ, ಹಳೆ ಟೂತ್‌ಬ್ರಷ್‌ನಿಂದ ತೋಡಿನ ಉದ್ದಕ್ಕೂ ಉಜ್ಜಿ, ಒರೆಸಿ ಒಣಗಿಸಿ. ಡಬ್ಬಿ ಅರ್ಧ ಖಾಲಿಯಿದ್ದರೆ ಹಿಟ್ಟಿನ ಮೈಗೆ ಅಂಟುವಂತೆ ಪ್ಲಾಸ್ಟಿಕ್ ಹಾಳೆ ಒತ್ತಿ, ಆಮೇಲೆ ಮುಚ್ಚಳ ಹಾಕಿ.

ಫ್ರಿಜ್‌ನಲ್ಲಿ ಇಡುವುದು ಬೇಯಿಸದ ಹಿಟ್ಟಿಗೆ ಒಳ್ಳೆಯದು, ಬೂಷ್ಟು ತಡವಾಗುತ್ತದೆ. ಬೇಯಿಸಿದ ಹಿಟ್ಟಿನಲ್ಲಿ ಅದೇ ತಂಪು ಪಿಷ್ಟವನ್ನು ಬೇಗ ಬಿಗಿಯಾಗಿಸುತ್ತದೆ, ಅದು ಹೊರಗೇ ಇರಲಿ. ಫ್ರಿಜ್‌ನಿಂದ ತೆಗೆದದ್ದು ಗಟ್ಟಿ ಎನಿಸಿದರೆ ಒಂದು ಗಂಟೆ ಹೊರಗಿಟ್ಟ ಮೇಲೆ ಮಾತ್ರ ಹದ ಪರೀಕ್ಷಿಸಿ, ತಣ್ಣಗಿರುವಾಗ ನೀರು ಹಾಕಿದರೆ ಬೆಚ್ಚಗಾದಾಗ ಅಂಟುತ್ತದೆ. ಆಟದ ನಡುವೆ ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಬಳಸದ ಬಣ್ಣಗಳನ್ನು ಮುಚ್ಚುವ ಅಭ್ಯಾಸ ಮಕ್ಕಳಿಗೆ ಮಾಡಿಸಿ. ತೆಳ್ಳಗೆ ಲಟ್ಟಿಸಿದ ಹಾಳೆ ಉಂಡೆಗಿಂತ ಬಹಳ ಬೇಗ ಒಣಗುತ್ತದೆ, ಆಟ ಮುಗಿದಾಗ ಮೊದಲು ಅದನ್ನು ಸುತ್ತಿ ಉಂಡೆ ಮಾಡಬೇಕು. ಜಮಖಾನದ ಮೇಲೆ ಬಿದ್ದ ಚೂರುಗಳಿಗೆ ಮಾತ್ರ ಇದೆಲ್ಲ ಉಲ್ಟಾ: ಒದ್ದೆ ಮಾಡಿದರೆ ನೂಲಿನೊಳಕ್ಕೆ ಇಳಿಯುತ್ತದೆ. ಪೂರ್ತಿ ಒಣಗಲು ಬಿಟ್ಟು, ಗಡುಸು ಬ್ರಷ್‌ನಿಂದ ಒಡೆದು, ಉಳಿದ ಪುಡಿಯನ್ನು ವ್ಯಾಕ್ಯೂಮ್ ಕ್ಲೀನರ್‌ನಲ್ಲಿ ಎಳೆಯಿರಿ.